ಬುಕ್ಕಾಪಟ್ಟಣದ ಜಾಲಿಯೊಳಗಿನ ತಂತಿ

ಮಧುಗಿರಿಯಿಂದ ಬೆಳಿಗ್ಗೆಯ ಮೊದಲ ಬಸ್ಸಿಗೆ ಹೊರಟೆ. ಹೆಂಗಸರಿಗೆ ಟಿಕೆಟ್ಟು ಉಚಿತ. ಸೀಟು ಮಾತ್ರ ಸಿಗಲಿಲ್ಲ. ಶಿರಾದಲ್ಲಿ ತಟ್ಟೆ ಇಡ್ಲಿ ತಿಂದು ಬುಕ್ಕಾಪಟ್ಟಣದ ಬಸ್ಸು ಹಿಡಿದೆ. ಅಲ್ಲಿಂದಾಚೆ ಕೆರೆಯಂಗಳ, ಗೋಮಾಳ, ಸ್ಮಶಾನ ಎಲ್ಲೆಲ್ಲೂ ಬಳ್ಳಾರಿ ಜಾಲಿ. ಚಿಂಕಾರ ಜಿಂಕೆಗಳು ಮೇಯುವ ಬಯಲನ್ನೂ ಅದು ನುಂಗುತ್ತಿದೆ. ಒಂದೂರಿನ ಗೋಮಾಳದ ಮೂಲೆಯಲ್ಲಾದರೂ ಅದನ್ನು ಕೀಳಲು ನಾಲ್ಕಾರು ಹೆಂಗಸರನ್ನು ಒಪ್ಪಿಸಿದ್ದೆ.

ಅವರಲ್ಲೊಬ್ಬಳು, ಆಡು ಸಾಕುವ ರಂಗಮ್ಮ, ಆ ಊರಿನ ಬಸ್‌ಸ್ಟಾಪಿನಲ್ಲೇ ಕಾಯುತ್ತಿದ್ದಳು. "ಬರಾಕಿಲ್ಲ ಅಂದ್ಕಂಡಿದ್ದೆ ಮೇಡಮ್ಮ. ನಮ್ಮೂರ್ ಬಿಸ್ಲಿಗೆ ಓದಿದೋರು ಕರಗೋಯ್ತಾರೆ!"

ಗೋಮಾಳಕ್ಕೆ ಅಂಟಿಕೊಂಡಂತೆ ಅವಳ ಮೈದುನ ತಿಮ್ಮನ ಕಡಲೆಕಾಯಿ ಹೊಲ. ಅಂಚಿನ ಜಾಲಿಯೊಳಗೆ ಮೊಣಕಾಲಿಗಿಂತ ಕೆಳಗೆ ಒಂದು ತಂತಿ ಹರಿದಿತ್ತು.

"ಹಂದಿಗೆ," ಎಂದಳು ರಂಗಮ್ಮ. "ಪಂಪಿನ ಲೈನಿಂದ ಎಳ್ದವ್ನೆ. ಈ ವಾರ ರಾತ್ರಿ ಪಾಳಿ, ಹಗಲೊತ್ತು ಕರೆಂಟಿರಲ್ಲ. ದಾಟ್ಕಳಿ." ಸೀರೆ ಎತ್ತಿ ದಾಟಿದಳು. ನಾನೂ ದಾಟಿದೆ. ಆ ಊರಲ್ಲಿ ಲೈನಿಗೆ ಸಿಕ್ಕಿಸಿದ ಕೊಕ್ಕೆಯನ್ನು ಯಾರೂ ತೆಗೆಯುವುದಿಲ್ಲ. ಪಾಳಿ ಮುಗಿದರೆ ತಂತಿ ತಾನೇ ಸಾಯುತ್ತದೆಂಬ ನಂಬಿಕೆ.

ಕೆಲಸ ಶುರುವಾಯಿತು. ಉಂಡೆ ಹೂವಿನದು ನಮ್ಮ ಕರಿಜಾಲಿ, ಅದನ್ನು ಬಿಡಿ. ಬಾಲದಂಥ ಹೂವಿನದು ಬಳ್ಳಾರಿ ಜಾಲಿ, ಮೇಲೆ ಕಡಿದರೆ ಹತ್ತಾಗಿ ಚಿಗುರುತ್ತದೆ, ಬುಡ ಅಗೆಯಿರಿ ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಹೊಲದ ಪಂಪು ನೀರು ಕಕ್ಕತೊಡಗಿತು.

"ಇದೇನೇ, ಹಗಲೇ ಕೊಟ್ಬುಟ್ರಲ್ಲ ಕರೆಂಟ್ನ!" ಎಂದು ಯಾರೋ ನಕ್ಕರು. ನಾನೂ ನಕ್ಕೆ. ತಂತಿ ಯಾರಿಗೂ ನೆನಪಾಗಲಿಲ್ಲ.

ಅಂಚಿನ ಜಾಲಿಕಾಯಿಗೆ ಬಾಯಿ ಹಾಕಲು ಹೋದ ರಂಗಮ್ಮನ ಆಡೊಂದು ಕೂಗದೆ ಮಗುಚಿಬಿತ್ತು. ರಂಗಮ್ಮ ಕುಡುಗೋಲು ಎಸೆದು ಅದನ್ನೆತ್ತಲು ಓಡಿದಳು. ಅವಳ ಸೆರಗು ನನ್ನ ಕೈಗೆ ಸಿಕ್ಕಿತು. ಎಳೆದೆ. ಇಬ್ಬರೂ ಮುಳ್ಳಿನ ಮೇಲೆ ಬಿದ್ದೆವು. ಅವಳ ಬೆರಳು ಆಡಿನ ಕೊಂಬಿಗೆ ಒಂದು ಗೇಣು ದೂರದಲ್ಲಿತ್ತು. ಆ ಗೇಣನ್ನು ಇಂದಿಗೂ ಅಳೆಯುತ್ತಿದ್ದೇನೆ. ಸೀರೆ ಹರಿದಿದ್ದರೆ? ನಾನು ದಾಟಿದ್ದು ಇನ್ನೊಂದಿಷ್ಟು ತಡವಾಗಿದ್ದರೆ?

ಕೂಗಾಟಕ್ಕೆ ಓಡಿಬಂದ ತಿಮ್ಮ ಕೊಕ್ಕೆ ಕಿತ್ತ. "ರಾತ್ರಿ ಪಾಳಿ ಅಲ್ವಾ ಅತ್ಗೆಮ್ಮ? ಬದ್ಲಾಯ್ಸಿದ್ನ ಒಬ್ರೂ ಹೇಳ್ನಿಲ್ಲ..."

"ಲೇ ತಿಮ್ಮ, ನನ್ ತಿಥಿಗೆ ಹಂದಿ ಬಾಡು ಉಣ್ಸಾಕಿದ್ದೇನ್ಲಾ?" ರಂಗಮ್ಮ ಅವನ ಬೆನ್ನಿಗೆ ಗುದ್ದಿ ಸತ್ತ ಆಡಿನ ಪಕ್ಕ ಕುಸಿದಳು.

ತಂತಿ ಬಿಚ್ಚಿಹಾಕು ತಿಮ್ಮ, ಇದು ಅಪರಾಧ, ಜಾಲಿ ಹೋದರೆ ಹಂದಿಗೆ ಅಡಗುವ ಜಾಗವೇ ಇರುವುದಿಲ್ಲ ಎಂದೆ.

"ಜಾಲಿ ಹೋಗೋ ಹೊತ್ಗೆ ನನ್ ಕಡ್ಲೇಕಾಯಿ ಇರ್ತದಾ ಮೇಡಮ್ಮ? ರಾತ್ರಿ ಕಾಯಾಕೆ ನೀವ್ ಬತ್ತೀರಾ?" ಎಂದ ತಿಮ್ಮ.

ಉತ್ತರಕ್ಕಾಗಿ ರಂಗಮ್ಮನ ಕಡೆ ನೋಡಿದೆ. "ಲೈನ್‌ಮನ್‌ಗೆ ಹೇಳ್ಬ್ಯಾಡಿ ಕಣಮ್ಮ. ಮನೆ ಹುಡ್ಗ," ಎಂದಳು.

ಮಧ್ಯಾಹ್ನ ಅವಳ ಮನೆಯಲ್ಲಿ ಮುದ್ದೆ, ಹುರುಳಿ ಸಾರು. ಮತ್ತೆ ಕೆಲಸಕ್ಕೆ ಯಾರೂ ಬರಲಿಲ್ಲ. ಅಗೆದದ್ದು ನಾಲ್ಕೇ ಬುಡ. ಉಳಿದವನ್ನು ಆತುರದಲ್ಲಿ ಮೇಲೆಯೇ ಕಡಿದಿದ್ದರು. ಅವು ಮಳೆಗೆ ಪೊದೆಯಾಗುತ್ತವೆ.

ಸಂಜೆಯ ಬಸ್ಸು ಗೋಮಾಳದ ಪಕ್ಕದಲ್ಲೇ ಹಾದುಬಂತು. ಕಿಟಕಿಯಿಂದ ನೋಡಿದೆ. ತಿಮ್ಮ ಗೂಟ ಬಡಿಯುತ್ತಿದ್ದ. ತಂತಿಯ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು ನಿಂತಿದ್ದವಳು ರಂಗಮ್ಮ.