ಗ್ರಿಲ್ಲಿನೊಳಗೆ ಕುಳ್ಳು

ಸ್ನೇಹಿತರೇ, ಹೊತ್ತೊಯ್ಯಬಹುದಾದ ಅನಿಲದ ಒಲೆಯೊಂದನ್ನು ಕೊಳ್ಳಲು ಇಂದು ನಾವು ಮೂವರು ಸಾಂಗ್ಲಿಯ ಅಂಗಡಿಗೆ ಹೋಗಿದ್ದೆವು. ಎಲ್ಲರೂ ಅದನ್ನು ಗ್ರಿಲ್ ಎನ್ನುತ್ತಾರೆ, ಎನ್ನಲಿ. ನನ್ನ ತಮ್ಮ ಪಾರೀಸನ ಹೊಸ ಬೀಗರು ನಾಳೆ ಸೀತನಿ, ಅಂದರೆ ಸುಟ್ಟ ಎಳೆಜೋಳ, ತಿನ್ನಲು ಬೇಡಗದ ನಮ್ಮ ಹೊಲಕ್ಕೆ ಬರುತ್ತಾರೆ. ಪುಣೆಯವರ ಮುಂದೆ ಸಗಣಿಯ ಕುಳ್ಳಿನ ಬೆಂಕಿಯಲ್ಲಿ ತೆನೆ ಸುಟ್ಟರೆ ಮರ್ಯಾದೆ ಹೋಗುತ್ತದೆ ಎಂಬುದು ಅವನ ಅಳಲು.

ಜೊತೆಗಿದ್ದ ನಮ್ಮ ಚಿಕ್ಕಮ್ಮ ಪರೀಕ್ಷೆಗೆಂದೇ ಚೀಲದಲ್ಲಿ ಎಳೆಜೋಳದ ತೆನೆಗಳನ್ನು ತಂದಿದ್ದರು. ಅಂಗಡಿಯವನು ಒಲೆ ಹೊತ್ತಿಸಿ ಒಂದನ್ನು ಸುಟ್ಟುಕೊಟ್ಟ. ಚಿಕ್ಕಮ್ಮ ಅದನ್ನು ಅಂಗೈಯಲ್ಲಿ ತಿಕ್ಕಿ, ಕಾಳು ಬಾಯಿಗೆ ಹಾಕಿಕೊಂಡರು.

“ಬೆಂದಾವ ಖರೆ. ಆದ್ರ ಹೊಗಿ ವಾಸನಿನ ಇಲ್ಲಲ್ಲೋ! ಇದಕ್ಕ ಸೀತನಿ ಅಂದ್ರ ಬೀಗರು ನಗತಾರ.”

“ಮಾವಶಿ, ಇದು ಗ್ಯಾಸ್ ಐತ್ರಿ. ಹೊಗಿ ಎಲ್ಲಿಂದ ಬರಬೇಕ್ರಿ?” ಎಂದ ಪಾರೀಸ.

“ಮತ್ತ ಕುಳ್ಳು ಎಲ್ಲಿ ಇಡೂದು?”

ಅಂಗಡಿಯವನು ನಗುತ್ತ, ಜಿಡ್ಡು ಬೀಳುವ ತಟ್ಟೆಯನ್ನು ಹೊರಗೆಳೆದ. “ಆಜಿ, ಇದರಾಗ ಇಡ್ರಿ!”

ಚಿಕ್ಕಮ್ಮ ನಗಲಿಲ್ಲ. ಅದೇ ಚೀಲದಿಂದ ಕುಳ್ಳೊಂದನ್ನು ತೆಗೆದು ತಟ್ಟೆಯಲ್ಲಿಟ್ಟರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ಈಗ ಒಲಿ ಆತು ನೋಡಪಾ. ಗ್ಯಾಸ್ ನೀನ ಇಟ್ಕೋ.”

ಅನಿಲದ ಕೊಳವೆಗಳನ್ನು ಬಿಚ್ಚಿಸಿ ಅಂಗಡಿಯಲ್ಲೇ ಬಿಟ್ಟು, ಉಳಿದ ಹೊಳೆಯುವ ಪೆಟ್ಟಿಗೆಯನ್ನು ಮನೆಗೆ ತಂದಿದ್ದೇವೆ. ಒಳಗಿನ ಕುಳ್ಳು ಕಾಣದಂತೆ ಬೀಗರ ಮುಂದೆ ಮುಚ್ಚಳ ತೆರೆಯಬಾರದು ಎಂಬುದೊಂದೇ ಪಾರೀಸನ ಬೇಡಿಕೆ. ಹೊಗೆಗೆ ಏನು ಕಾರಣ ಹೇಳುವುದೆಂದು ಇನ್ನೂ ಯೋಚಿಸುತ್ತಿದ್ದಾನೆ.