ಅಪ್ಪನ ಲಾರಿಯ ಹಾರನ್

ಮಧ್ಯಾಹ್ನದ ಊಟ ಮುಗಿದು ಇನ್ನೇನು ಕಣ್ಣಿಗೆ ಜೊಂಪು ಹತ್ತಬೇಕು ಎನ್ನುವ ಹೊತ್ತಿಗೆ ನಮ್ಮ ಎಸ್.ಎಸ್. ಬಡಾವಣೆಯ ರಸ್ತೆಗೆ ಐಸ್‌ಕ್ಯಾಂಡಿಯವನು ಬರುತ್ತಾನೆ. ಹೊಸಬ. ಮೊದಲಿನವನು ಗಂಟೆ ಬಾರಿಸುತ್ತಿದ್ದ. ಇವನು ಗಾಡಿಯ ಹಿಡಿಗೆ ರಬ್ಬರಿನ ಹಾರನ್ ಕಟ್ಟಿಕೊಂಡಿದ್ದಾನೆ. ಅವನು ಅದನ್ನು ಪೋಂ ಎಂದು ಹಿಚುಕಿದ ಕೂಡಲೇ ನಾನು ಎದ್ದು, ಮೊಣಕಾಲಿನ ನೋವನ್ನೂ ಮರೆತು, ಗೇಟಿನ ತನಕ ಹೋಗಿಬಿಡುತ್ತೇನೆ. ಗೇಟು ಮುಟ್ಟಿದ ಮೇಲೆ ನಾಚಿಕೆಯಾಗುತ್ತದೆ. ಅತ್ತೆಗೆ ಐಸ್‌ಕ್ಯಾಂಡಿಯ ಚಪಲ ಹತ್ತಿದೆ ಎಂದು ಸೊಸೆ ತಿಳಿದಿದ್ದಾಳೆ. "ಅತ್ತೀ, ನಿಮಗೆ ಶುಗರ್ ಐತೆ, ಬ್ಯಾಡ್ರಿ" ಎಂದು ಒಳಗಿನಿಂದಲೇ ಎಚ್ಚರಿಸುತ್ತಾಳೆ. ನಾನು ಅಲ್ಲ ಎನ್ನುವುದಿಲ್ಲ. ಚಪಲ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಿಜ ಹೇಳಹೊರಟರೆ ಸಾತಾರದವರೆಗೆ ಹೋಗಿ ಬರಬೇಕಾಗುತ್ತದೆ. ನಿಮಗೆ ಪುರುಸೊತ್ತಿದ್ದರೆ ಬನ್ನಿ, ಹೋಗಿ ಬರೋಣ. ದಾರಿ ಸುಖದ್ದಲ್ಲ ಎಂದು ಮೊದಲೇ ಹೇಳಿರುತ್ತೇನೆ.

ನಮ್ಮಪ್ಪ ಲಾರಿ ಡ್ರೈವರ್. ಲಾರಿ ಹತ್ತಿ ವ್ಯಾಪಾರದ ಸಾಹುಕಾರರದು, ಆದರೆ ಮನೆಯಲ್ಲಿ ಎಲ್ಲರೂ "ನಮ್ಮ ಲಾರಿ" ಎಂದೇ ಅನ್ನುತ್ತಿದ್ದೆವು. ಅರವತ್ತರ ದಶಕದ ಆರಂಭದ ಮಾತು. ಆಗ ದಾವಣಗೆರೆಯಲ್ಲಿ ಹತ್ತಿಯದೇ ದರ್ಬಾರು. ಗಿರಣಿಯ ಸಿಳ್ಳೆ ಕೇಳಿ ಅಕ್ಕಿ ಒಲೆಗಿಡುವವರು, ಗಿರಣಿಯ ಸಿಳ್ಳೆ ಕೇಳಿ ಮಕ್ಕಳನ್ನು ಶಾಲೆಗೆ ಅಟ್ಟುವವರು. ನಮ್ಮ ಮನೆಗೆ ಮಾತ್ರ ಸಿಳ್ಳೆಗಿಂತ ಹಾರನ್ ದೊಡ್ಡದು. ಅಪ್ಪ ವಾರಗಟ್ಟಲೆ ತಿರುಗಿ ಬಂದು ಪಿ.ಬಿ. ರಸ್ತೆಯಿಂದ ನಮ್ಮ ಓಣಿಗೆ ಲಾರಿ ತಿರುಗಿಸುವಾಗ ಎರಡು ಉದ್ದ, ಒಂದು ಗಿಡ್ಡ ಹಾರನ್ ಹೊಡೆಯುತ್ತಿದ್ದ. ಅಣ್ಣನೂ ನಾನೂ ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದೆವು. ಇಬ್ಬರನ್ನೂ ಹತ್ತಿಸಿ ಸೀಟಿನ ಮೇಲೆ ಕೂರಿಸಿಕೊಂಡು ಓಣಿಯ ತುದಿಯವರೆಗೆ ಕರೆದೊಯ್ಯುತ್ತಿದ್ದ. ಅಪ್ಪನಿಗೆ ಮುದ್ದು ಮಾಡಲು ಬರುತ್ತಿರಲಿಲ್ಲ. ಪ್ರೀತಿ ಏನಿದ್ದರೂ ಆ ಹಾರನ್ನಿನಲ್ಲೇ ಮುಗಿಯುತ್ತಿತ್ತು.

ಅಣ್ಣ ಮಲ್ಲೇಶಿ ನನಗಿಂತ ಬಹಳ ದೊಡ್ಡವನು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವನಿಗೆ ಹದಿನೇಳು, ತುಟಿಯ ಮೇಲೆ ಮೀಸೆ ಚಿಗುರುತ್ತಿತ್ತು. ಅವನು ಎಸ್ಸೆಸ್ಸೆಲ್ಸಿ ಪಾಸಾಗಿ ಯಾವುದಾದರೂ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರಬೇಕು ಎಂಬುದು ಅಪ್ಪನ ಆಸೆ. ಇಂಜಿನ್ನಿನ ಕಾವಿಗೆ ಅಂಗಾಲು ಸುಟ್ಟುಕೊಂಡವನಿಗೆ ಫ್ಯಾನು ದೊಡ್ಡದಾಗಿ ಕಾಣುವುದು ಸಹಜ. ಅಣ್ಣ ಒಂದು ಸಲ ನಪಾಸಾಗಿದ್ದ. ಎರಡನೆಯ ಸಲ, ಲೆಕ್ಕದ ಪರೀಕ್ಷೆಯ ದಿನ, ಹುಬ್ಬಳ್ಳಿಯಿಂದ ಬರುತ್ತಿದ್ದ ಅಪ್ಪ ಹರಿಹರದ ಸೇತುವೆಯ ಮೇಲಿಂದ ಹೊಳೆಯ ಕಡೆ ನೋಡಿದರೆ ಮಗ ಗೆಳೆಯರ ಜೊತೆ ಈಜಾಡುತ್ತಿದ್ದಾನೆ.

ಅಪ್ಪ ಅವನನ್ನು ಮೇಲೆ ಕರೆದ. ಬೈಯಲಿಲ್ಲ, ಹೊಡೆಯಲಿಲ್ಲ. ಒದ್ದೆ ಚಡ್ಡಿಯಲ್ಲೇ ಲಾರಿಯ ಮುಂದೆ ನಡೆಯಲು ಹೇಳಿದ. ಹರಿಹರದ ಪೇಟೆ ದಾಟಿ, ಬಾತಿ ದಾಟಿ, ದಾವಣಗೆರೆಯ ನಮ್ಮ ಮನೆಯ ಬಾಗಿಲವರೆಗೆ ಎಂಟೊಂಬತ್ತು ಮೈಲಿ ಅಣ್ಣ ಬರಿಗಾಲಲ್ಲಿ ನಡೆದ. ಹಿಂದೆ ಲಾರಿ ತೆವಳುತ್ತ ಬಂತು. ಅವನ ನಡಿಗೆ ನಿಧಾನವಾದಾಗಲೆಲ್ಲ ಅಪ್ಪ ಹಾರನ್ ಹಿಚುಕಿದ. ನಮ್ಮ ಓಣಿಗೆ ತಿರುಗುವಾಗ ಅಭ್ಯಾಸಬಲ ನೋಡಿ, ಎರಡು ಉದ್ದ, ಒಂದು ಗಿಡ್ಡ. ನಾನು ಎಂದಿನಂತೆ ಕುಣಿಯುತ್ತ ಓಡಿ ಬಂದೆ. ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಅಣ್ಣ ಯಾರನ್ನೂ ನೋಡದೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಒಂದೆರಡು ದಿನ ಕಳೆದು, ಬೆಳಿಗ್ಗೆ ಅವ್ವ ಅಂಗಳಕ್ಕೆ ನೀರು ಹಾಕುತ್ತಿದ್ದಾಗ, ಅವನು ಒಗೆದ ಅಂಗಿ ತೊಟ್ಟು ಕೈಚೀಲ ಹಿಡಿದು ಹೊರಗೆ ಬಂದ. "ಬರ್ತೀನವ್ವ" ಎಂದ. "ಹೂಂ, ಹೋಗಿ ಬಾ" ಎಂದಳು ಅವ್ವ. ನಮ್ಮ ಕಡೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತೀರ ತಡೆಯಲಾರದಿದ್ದರೆ "ದೂರ ಹೊಂಟ್ರೇನು?" ಎಂದು ಸುತ್ತಿ ಬಳಸಿ ಕೇಳಬೇಕು. ಮಗನಿಗೆ ಎಲ್ಲೋ ಕೆಲಸ ಗೊತ್ತಾಗಿರಬೇಕು, ನಾನು ಬಾಯಿ ಹಾಕಿ ಕೆಡಿಸುವುದು ಬೇಡ ಎಂದು ಅವ್ವ ಅಷ್ಟೂ ಕೇಳಲಿಲ್ಲ. ಅವನು ಓಣಿ ದಾಟುವವರೆಗೆ ನೋಡಿ ಒಳಗೆ ಬಂದಳು. ಸಂಜೆಯಾಯಿತು, ವಾರವಾಯಿತು, ಮಳೆಗಾಲ ಕಳೆಯಿತು. "ಎಲ್ಲಿಗೆ ಅಂತ ಒಂದು ಮಾತು ಕೇಳಿದ್ರೆ ನನ್ನ ನಾಲಿಗೆ ಸೇದಿ ಹೋಗ್ತಿತ್ತೇನು" ಎಂದು ಅವ್ವ ಒಲೆಯ ಮುಂದೆ ತನ್ನಷ್ಟಕ್ಕೆ ತಾನೇ ಅಂದುಕೊಳ್ಳುತ್ತಿದ್ದಳು. ಆ ಮಾತಿಗೆ ಅಪ್ಪ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ.

ಹೀಗಿರುವಾಗ ಪಂಢರಪುರಕ್ಕೆ ಹೋಗಿ ಬಂದ ಆನಗೋಡಿನ ನೆಂಟರೊಬ್ಬರು ಒಂದು ಸುದ್ದಿ ತಂದರು. ಪೂನಾ ರಸ್ತೆಯ ಯಾವುದೋ ಖಾನಾವಳಿಯಲ್ಲಿ ಮಲ್ಲೇಶಿಯಂಥ ಹುಡುಗನನ್ನು ಬಸ್ಸಿನಿಂದ ಕಂಡಿದ್ದರಂತೆ. ಊರು ಯಾವುದೆಂದು ನೆನಪಿಲ್ಲ, ಕೊಲ್ಲಾಪುರ ದಾಟಿತ್ತು ಎಂದರು. ಅದೇ ವಾರ ಲಾರಿಗೆ ಮುಂಬಯಿಯ ಲೋಡು ಬಂತು. "ಇಕಿನ್ನ ಕರ್ಕಂಡು ಹೋಗ್ತೀನಿ" ಎಂದು ಅಪ್ಪ ನನ್ನ ಕಡೆ ತೋರಿಸಿದ.

"ಹೆಣ್ಣುಹುಡುಗಿನ್ನ ಲಾರ್‍ಯಾಗೆ ಅಷ್ಟು ದೂರ ಯಾಕ?" ಎಂದಳು ಅವ್ವ.

"ನಾ ಕರೆದ್ರೆ ಅವ ಬರಂಗಿಲ್ಲ. ಇಕಿ ಕರೆದ್ರೆ ಬರ್ತಾನೆ."

ಅವ್ವ ರೊಟ್ಟಿ ಬಡಿಯಲು ಕೂತಳು. ನಾವು ಹೊರಡುವ ಗಳಿಗೆಗೆ ಮಾತ್ರ ಲಾರಿಯ ಬಾಗಿಲು ಹಿಡಿದು, ಜನ್ಮದಲ್ಲಿ ಕೇಳದಿದ್ದ ಮಾತು ಕೇಳಿದಳು. "ಎಲ್ಲಿಗೆ ಹೊಂಟೀರಿ?" ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಪ್ಪ ಸಿಡುಕಬಹುದೆಂದು ನಾನು ಕಾದೆ. ಅವನು "ಕೊಲ್ಲಾಪುರ, ಸಾತಾರ, ಪೂನಾ, ಮುಂಬಯಿ" ಎಂದು ಒಂದೊಂದೇ ಊರು ಹೇಳಿದ. ಅವ್ವ ಕೇಳಿಕೊಂಡು ಬಾಗಿಲು ಬಿಟ್ಟಳು.

ಆ ಪ್ರಯಾಣದ ಅರ್ಧ ನನಗೆ ಹಬ್ಬವೇ ಆಗಿತ್ತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಮುಂದಿನ ಸೀಟು ನನ್ನದು. ಕ್ಲೀನರ್ ಖಾದರಣ್ಣ, ಅಪ್ಪನ ವಾರಿಗೆಯವನು, ನನಗೆ ಜಾಗ ಬಿಟ್ಟುಕೊಟ್ಟು ಹತ್ತಿಯ ಬೇಲುಗಳ ಮೇಲೆ ತಾಡಪಾಲು ಹೊದ್ದು ಕೂರುತ್ತಿದ್ದ. ಹರಿಹರದ ಸೇತುವೆ ಬಂದಾಗ ಮುಂಬಯಿ ಇನ್ನೇನು ಬಂತು ಎಂದುಕೊಂಡಿದ್ದೆ. ಧಾರವಾಡದ ಹತ್ತಿರ ಅವ್ವನ ಬುತ್ತಿಯನ್ನೆಲ್ಲ ವಾಂತಿ ಮಾಡಿಕೊಂಡು ಹಬ್ಬದ ಗರ್ವ ಇಳಿಯಿತು. ಬೆಳಗಾವಿ ದಾಟಿದ ಮೇಲೆ ಬೋರ್ಡಿನ ಅಕ್ಷರಗಳು ನನಗೆ ಓದಲು ಬಾರದೆ ಹೋದವು, ಅಳು ಬಂತು. ಅಣ್ಣನೂ ಈ ಅಕ್ಷರಗಳ ನಡುವೆ ಒಬ್ಬನೇ ಇದ್ದಾನೆ ಎಂದು ಆಗ ಹೊಳೆಯಿತು.

ಕೊಲ್ಲಾಪುರದಿಂದ ಮುಂದೆ ಖಾನಾವಳಿ ಕಂಡಲ್ಲೆಲ್ಲ ಅಪ್ಪ ಲಾರಿಯನ್ನು ದೂರದ ಮರದ ಮರೆಗೆ ನಿಲ್ಲಿಸುತ್ತಿದ್ದ. "ಹೋಗವ್ವ, ನೋಡ್ಕಂಡು ಬಾ. ಇದ್ರೆ ನಾ ಬಂದೀನಿ ಅಂತ ಹೇಳಬ್ಯಾಡ. ಅವ್ವ ಕರೀತಾಳೆ ಅನ್ನು" ಎಂದು ನನ್ನನ್ನು ಇಳಿಸುತ್ತಿದ್ದ. ತಾನು ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಇಣುಕುತ್ತಿದ್ದ. ಆರಡಿ ಆಳು, ಓಣಿಗೆಲ್ಲ ಅವನ ಕೆಮ್ಮು ಕೇಳಿದರೆ ಹೆದರಿಕೆ. ಅಂಥವನು ಸ್ವಂತ ಮಗನಿಗೆ ಕಾಣಿಸಬಾರದೆಂದು ಟೈರಿನ ಹಿಂದೆ ಮುದುಡಿ ಕೂರುತ್ತಿದ್ದ. ನಾನು ಒಳಗೆ ಹೋಗಿ ಬಡಿಸುವವರ, ತಿಕ್ಕುವವರ ಮುಖಗಳನ್ನೆಲ್ಲ ನೋಡಿ ತಲೆ ಅಲ್ಲಾಡಿಸುತ್ತ ಬರುತ್ತಿದ್ದೆ. ಅವನು ಮೊಣಕಾಲು ಹಿಡಿದುಕೊಂಡು ಎದ್ದು ಲಾರಿ ಹತ್ತುತ್ತಿದ್ದ.

ಸಾತಾರದ ಹೊರಗೆ ರಸ್ತೆ ಪಕ್ಕ ಒಂದು ತಗಡಿನ ಖಾನಾವಳಿ. ಯಜಮಾನ ರಾಣೆಬೆನ್ನೂರು ಕಡೆಯವನು. ನನ್ನ ಮಾತು ಕೇಳಿಯೇ "ನಮ್ಮ ಕಡೀ ಕೂಸು ಇದು" ಎಂದ. ಅಣ್ಣನ ಹೆಸರು ಹೇಳಿದೆ. "ಮಲ್ಲೇಶಿ ಅಲ್ಲೇನು? ನೀರಿಗೆ ಹೋಗ್ಯಾನವ್ವ, ಈಗ ಬರ್ತಾನ, ಕುಂದ್ರು" ಎಂದ. ನಾನು ಕೂರಲಿಲ್ಲ. ಲಾರಿಯ ಕಡೆ ಓಡಿ ಅಪ್ಪನಿಗೆ ಹೇಳಿದೆ. ಅಪ್ಪ ನನ್ನ ಎರಡೂ ಭುಜ ಹಿಡಿದುಕೊಂಡ. "ನೀನೇ ಹೋಗು. ನಾ ಇಲ್ಲೇ ಇರ್ತೀನಿ" ಎಂದ.

ನಾನು ಮರಳಿ ಹೋಗಿ ಬೆಂಚಿನ ಮೇಲೆ ಕೂತೆ. ಹಿತ್ತಲ ಬಾಗಿಲಿನಿಂದ ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಅಣ್ಣ ಬಂದ. ಸೊರಗಿದ್ದ, ಮೀಸೆ ದಟ್ಟವಾಗಿತ್ತು. ನನ್ನನ್ನು ಕಂಡು ಹಾಗೇ ನಿಂತ. ಆಮೇಲೆ ಮುಖವೆಲ್ಲ ನಗುವಾಗಿ, "ಏ ಹುಚ್ಚಿ, ನೀ ಹೆಂಗೆ ಬಂದೆ ಇಲ್ಲಿಗೆ?" ಎಂದ. "ಅವ್ವ ಕರೀತಾಳೆ" ಎಂದೆ. ಅವನ ಕಣ್ಣು ತುಂಬಿದವು. ಅವನು ಬರುತ್ತಿದ್ದ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ, ಅವನು ಬರುತ್ತಿದ್ದ.

ಅಷ್ಟರಲ್ಲಿ ಹಾರನ್ ಕೇಳಿಸಿತು. ಎರಡು ಉದ್ದ, ಒಂದು ಗಿಡ್ಡ.

ಅಣ್ಣ ಕೊಡಗಳನ್ನು ತುಳುಕದಂತೆ ಕೆಳಗಿಟ್ಟ. ನನ್ನ ತಲೆ ಮುಟ್ಟಿ, "ನಾ ಆರಾಮ ಅದೀನಿ ಅಂತ ಅವ್ವಗೆ ಹೇಳು" ಎಂದ. "ಅಣ್ಣಾ" ಎಂದು ಕರೆದೆ. ಬಾಗಿಲಲ್ಲಿ ನಿಂತು ತಿರುಗಿದ. ಮತ್ತೆ ಹಾರನ್ ಕೇಳಿತು. ಅವನು ಹಿತ್ತಲ ಬೇಲಿ ಹಾರಿ ಹೊಲಕ್ಕೆ ಬಿದ್ದು ಓಡಿದ.

ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ನಗುತ್ತ ಬಂದ. ತಲೆ ಬಾಚಿಕೊಂಡಿದ್ದ, ಅಂಗಿಯ ಗುಂಡಿ ಹಾಕಿಕೊಂಡಿದ್ದ. "ಕೇಳಿಸ್ತೇನು ಅವಂಗೆ?" ಎಂದು ಸುತ್ತ ನೋಡಿದ. "ಕೇಳಿಸ್ತು" ಎಂದೆ. ಯಜಮಾನ ಬೇಲಿಯ ಕಡೆ ಕೈ ತೋರಿಸಿದ. ಅಪ್ಪನಿಗೆ ಮೊದಲು ತಿಳಿಯಲೇ ಇಲ್ಲ. "ಹಾರನ್ ಕೇಳಿದ್ರೆ ಓಡಿ ಬರ್ತಿದ್ನಲ್ಲ" ಎಂದು ಯಜಮಾನನಿಗೆ ಒಪ್ಪಿಸುವಂತೆ ಎರಡು ಸಲ ಹೇಳಿದ. ಆಮೇಲೆ ಅವನೂ ಖಾದರಣ್ಣನೂ ಹೊತ್ತು ಮುಳುಗುವವರೆಗೆ ಹೊಲ, ಹಳ್ಳ ಎಲ್ಲ ಹುಡುಕಿದರು. ಲೋಡು ಮುಂಬಯಿ ಮುಟ್ಟಲೇಬೇಕಿತ್ತು, ಹೋದೆವು. ಮುಂಬಯಿಯಲ್ಲಿ ನಾನು ಏನು ನೋಡಿದೆನೋ ಒಂದೂ ನೆನಪಿಲ್ಲ. ಮರಳುವಾಗ ಮತ್ತೆ ಅಲ್ಲಿ ನಿಲ್ಲಿಸಿದೆವು. ಅಲ್ಲೇ ಬಿಟ್ಟು ಓಡಿದ್ದ ಬಟ್ಟೆಯ ಚೀಲಕ್ಕೂ ಅವನು ಮರಳಿ ಬಂದಿರಲಿಲ್ಲ.

ಹರಿಹರ ದಾಟಿ ಬಾತಿಯ ಗುಡ್ಡ ಹತ್ತಿರವಾದಾಗ ಅಪ್ಪ ಲಾರಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಬಿಸಿಲು ಸುರಿಯುತ್ತಿತ್ತು.

"ಇಲ್ಲಿಗೆ ಬರೋ ಹೊತ್ತಿಗೆ ಅವನ ಕಾಲಾಗೆ ರಕ್ತ ಬಂದಿತ್ತು" ಎಂದ. ಎದುರಿನ ಗಾಜನ್ನೇ ನೋಡುತ್ತಿದ್ದ. "ತಿರುಗಿ ನಿಂತು ನೀರು ಕೇಳಿದ. ನಾ ಹಾರನ್ ಹೊಡೆದೆ."

ನಾನು ಕಿಟಕಿಯಿಂದ ಬಗ್ಗಿ ಕಾದ ರಸ್ತೆಯನ್ನು ನೋಡಿದೆ.

"ನಾ ಅಲ್ಲಿ ಅವನ್ನ ಕರೆದೆ ಅಂದ್ಕಂಡೆನವ್ವ. ಅವ, ನಾ ಅಟ್ಟಿಸ್ಕಂಡು ಬಂದೆ ಅಂದ್ಕಂಡ."

ಅಪ್ಪ ಅತ್ತ. ದೊಡ್ಡವರು ಅಳುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಆಮೇಲೆ ಕೆಳಗಿಳಿದು ಹಾರನ್ನಿನ ರಬ್ಬರನ್ನು ಕಿತ್ತು ಸೀಟಿನ ಕೆಳಗೆ ಎಸೆದ. ಓಣಿಗೆ ಹಾರನ್ ಇಲ್ಲದೆ ಬಂದೆವು. ಅವ್ವನಿಗೆ ನಾವು ಬಂದದ್ದೇ ತಿಳಿಯಲಿಲ್ಲ. ರಾಗಿ ಬೀಸುತ್ತಿದ್ದವಳು ತಲೆ ಎತ್ತಿದಾಗ ನಾವಿಬ್ಬರೇ ಎದುರಿಗಿದ್ದೆವು. ನಮ್ಮ ಹಿಂದೆ ಬಾಗಿಲ ಕಡೆ ಬಹಳ ಹೊತ್ತು ನೋಡಿದಳು. "ಮಾತಾಡಿದ್ನೇನು?" ಎಂದು ನನ್ನನ್ನು ಕೇಳಿದಳು. ಆರಾಮ ಅದೀನಿ ಎಂಬ ಅಣ್ಣನ ಆ ಒಂದು ಮಾತನ್ನು ಹೇಳಿದೆ. ಮುಂದೆ ಎಷ್ಟೋ ವರ್ಷ, ನನ್ನ ಮದುವೆಯಾಗಿ ಮಕ್ಕಳಾದ ಮೇಲೂ, ಅವ್ವ ಇದ್ದಕ್ಕಿದ್ದಂತೆ "ಅವ ಹೆಂಗೆ ಅಂದ, ಇನ್ನೊಮ್ಮೆ ಅನ್ನು" ಎನ್ನುತ್ತಿದ್ದಳು. ನಾನು ಅನ್ನುತ್ತಿದ್ದೆ. ಅಂದು ಅಂದು, ಅದು ಅಣ್ಣನ ಧ್ವನಿಯೋ ನನ್ನದೋ ಎಂಬುದು ನನಗೇ ಮರೆತುಹೋಯಿತು.

ಅಪ್ಪ ಸತ್ತಾಗ ಹೆಣವನ್ನು ಸಂಜೆಯವರೆಗೆ ಇಟ್ಟುಕೊಂಡು ಕಾದೆವು. ಎಲ್ಲಿಂದಲೋ ಸುದ್ದಿ ತಿಳಿದು ಬಂದಾನು ಎಂದು ಅವ್ವ ಎತ್ತಗೊಡಲಿಲ್ಲ. ಅವ್ವ ಸತ್ತಾಗ ಓಣಿಯ ಹಿರಿಯರು ನನ್ನ ಹತ್ತಿರ ಬಂದು, "ಏನು ಮಾಡಾಣವ್ವ, ಕಾಯಬೇಕೇನು?" ಎಂದು ಕೇಳಿದರು. ಅವನನ್ನು ಕರೆಯಲೆಂದು ಹೋಗಿದ್ದವಳು ನಾನು. "ಬ್ಯಾಡ್ರಿ, ಎತ್ರಿ" ಎಂದವಳೂ ನಾನೇ.

ಅಷ್ಟಾದರೂ ಕಣ್ಣಿಗೆ ಹಿಡಿದ ಚಾಳಿ ಬಿಟ್ಟಿರಲಿಲ್ಲ. ಬಸ್‌ಸ್ಟ್ಯಾಂಡು, ಮದುವೆ ಮನೆ, ಆಸ್ಪತ್ರೆ, ಎಲ್ಲಿ ಹೋದರೂ ಗಂಡಸರ ಮುಖ ನೋಡುತ್ತಿದ್ದೆ. ಅದರಲ್ಲೂ ಎಂಥ ಮಂಕು ನೋಡಿ, ಮೀಸೆ ಚಿಗುರುವ ಹುಡುಗರನ್ನೇ ಹುಡುಕುತ್ತಿದ್ದೆ. ಅಣ್ಣನಿಗೂ ವಯಸ್ಸಾಗಿರುತ್ತದೆ, ನೋಡಬೇಕಾದದ್ದು ಮುದುಕರನ್ನು ಎಂದು ತಲೆಗೆ ಹೋಗುವ ಹೊತ್ತಿಗೆ ನನ್ನ ಕೂದಲೇ ಬೆಳ್ಳಗಾಗಿತ್ತು. ಅಂದಿನಿಂದ ಮುದುಕರ ಮುಖ ನೋಡುತ್ತ ಬಂದೆ.

ಮೊನ್ನೆ ಹರಿಹರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ಮುದುಕ ಬಂದು ಕೂತ. "ಹುಬ್ಬಳ್ಳಿ ಬಸ್ಸು ಇಲ್ಲೇ ನಿಲ್ತೈತೇನವ್ವ?" ಎಂದು ಕೇಳಿದ. ಇಲ್ಲೇ ನಿಲ್ಲುತ್ತದೆ ಎಂದೆ. ಬಸ್ಸು ಬಂತು, ಅವನು ಚೀಲ ಎತ್ತಿಕೊಂಡು ಹತ್ತಿದ, ಬಸ್ಸು ಸೇತುವೆಯ ಕಡೆ ಹೋಯಿತು. ಅದು ಹೋದ ಎಷ್ಟೋ ಹೊತ್ತಿನ ಮೇಲೆ ನನಗೆ ಅರಿವಾಯಿತು, ನಾನು ಅವನ ಮುಖ ನೋಡಿರಲಿಲ್ಲ.