ತೆಂಗಿನ ದ್ವೀಪದ ಒರತೆ

ಗುಂಡ್ಲುಪೇಟೆಯಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಕಿಟಕಿ ಪಕ್ಕದ ಜಾಗವನ್ನು ನನ್ನ ಸೋದರತ್ತೆ ಪುಟ್ಟಗೌರಮ್ಮ ಹಿಡಿದರು. ಎಪ್ಪತ್ತು ವರ್ಷದಲ್ಲಿ ನಮ್ಮೂರು ಹರವೆಯ ಆಸುಪಾಸು ಬಿಟ್ಟು ಹೋದವರಲ್ಲ. ನಾನು ಬೆಲ್ಲದ ವ್ಯಾಪಾರಕ್ಕೆ ತಲಶ್ಶೇರಿಗೆ ಹೊರಟಿದ್ದೆ. "ಆಚೆ ದಡವೇ ಕಾಣದ ನೀರಂತಲ್ಲಾ, ನಂಗೂ ತೋರ್ಸ್‌ಬುಡ್ಲಾ" ಎಂದು ಬೆನ್ನು ಹತ್ತಿದ್ದರು. ಕಲ್ಲಿಕೋಟೆಗೆ ತಲೆಗೆ ನಾಲ್ಕು ರೂಪಾಯಿ. ಸುಲ್ತಾನ್ ಬತ್ತೇರಿಯಲ್ಲಿ ಚಹಾ ಕುಡಿದೆ. ವೈತಿರಿ ಘಾಟಿಯುದ್ದಕ್ಕೂ ಮಂಜು. ಅರ್ಧ ನಿದ್ದೆಯಲ್ಲೇ ಇಳಿದೆವು. ಕಲ್ಲಿಕೋಟೆಯಲ್ಲಿ ರೈಲು ಹಿಡಿದು ತಲಶ್ಶೇರಿ ಮುಟ್ಟಿದಾಗ ಕತ್ತಲಾಗಿತ್ತು.

ಮರುದಿನ ಬೆಳಿಗ್ಗೆ ಸಮುದ್ರದಂಡೆಗೆ ಹೋದೆವು. ಒಂದು ಫರ್ಲಾಂಗು ಆಚೆ ಪುಟ್ಟ ದ್ವೀಪ, ತುಂಬ ತೆಂಗು, ಸುತ್ತ ಬಿಳಿ ಮರಳು. ನಡುವೆ ನೀರು ಮೊಳಕಾಲಿಗೂ ಬರುತ್ತಿರಲಿಲ್ಲ. ನಾವು ಕೆರೆ ಕಂಡ ಜನ. ಇಳಿದ ನೀರು ಮಳೆಗಾಲದವರೆಗೆ ಇಳಿದೇ ಇರುತ್ತದೆಂದು ನಡೆದುಬಿಟ್ಟೆವು. ಬಲೆ ಹರವುತ್ತಿದ್ದ ಮೀನುಗಾರನೊಬ್ಬ ಏನೋ ಕೂಗಿ ಎರಡೂ ಕೈ ಬೀಸಿದ. ಒಳ್ಳೆಯ ಮನುಷ್ಯ ಎಂದು ನಾವೂ ಬೀಸಿದೆವು.

ಲಿಂಗಪೂಜೆ ಆಗದೆ ಅತ್ತೆ ಹನಿ ನೀರೂ ಮುಟ್ಟುವವರಲ್ಲ. ಅಂದಿನ ಪೂಜೆ ಸಮುದ್ರದ ನಡುವೆಯೇ ಆಗಲೆಂದು, ರಾತ್ರಿ ತಂಗಿದ್ದ ಕಡೆಯ ಬಾವಿಯಲ್ಲಿ ತಾವೇ ಸೇದಿದ ನೀರನ್ನು ಚೊಂಬಿನಲ್ಲಿ ತಂದಿದ್ದರು. ಹೊತ್ತವನು ನಾನು. ದ್ವೀಪ ಹತ್ತುವಾಗ ಪಾಚಿಗಲ್ಲಿನ ಮೇಲೆ ಜಾರಿದೆ. ಚೊಂಬು ಉಳಿಯಿತು, ನೀರು ಉಳಿಯಲಿಲ್ಲ.

"ಓಗ್ಲಿ ಬುಡು. ಒಸಿ ಕೂತಿದ್ದು ವಾಪಸ್ ಓಗನ" ಎಂದರು. ಅಲೆ ನೋಡುತ್ತ ಕೂತವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ತಿರುಗಿದರೆ ಬಂದ ದಾರಿಯೇ ಇಲ್ಲ, ಆಳದ ನೀರು ಹರಿಯುತ್ತಿತ್ತು. ಮೀನುಗಾರ ಕೂಗಿದ್ದು ಆಗ ಅರ್ಥವಾಯಿತು.

ಮಧ್ಯಾಹ್ನವಾಯಿತು. ಗರಿಗಳ ಸದ್ದು, ಹಸಿರೋ ನೀಲಿಯೋ ತಿಳಿಯದ ನೀರು. ಕಣ್ಣು ತೆರೆದೇ ಕನಸು ಕಾಣುವಂಥ ಹೊತ್ತು. ಆದರೆ ಅತ್ತೆಯ ತುಟಿ ಒಣಗಿ ಬಿರಿದಿತ್ತು. ಎಳನೀರಿಗೆಂದು ಮರ ಹತ್ತಹೋಗಿ ಎದೆ ತರಚಿಕೊಂಡು ಇಳಿದೆ. ಸಂಜೆಯವರೆಗೆ ಈ ಜೀವ ತಡೆಯುತ್ತದೆಯೇ ಎಂದು ನಿಜವಾಗಿಯೂ ಹೆದರಿದೆ. "ಈ ನೀರಲ್ಲೇ ಪೂಜೆ ಮಾಡ್ಬುಡಿ ಅತ್ತೆ" ಎಂದೆ.

"ನಾ ಕುಡಿಯಕಾಗದ ನೀರ ಲಿಂಗಕ್ಕ ಉಯ್ಯದೇನ್ಲಾ?" ಎಂದು ತೆಂಗಿನ ಮರಗಳನ್ನೇ ನೋಡಿದರು. "ಇವೇನು ಉಪ್ನೀರ್ ಕುಡ್ದು ಬದುಕಿದವಾ? ಬಾ, ಒರತ ತಗಿಯನ."

ಬೇಸಿಗೆಯಲ್ಲಿ ಹಳ್ಳದ ಮರಳು ತೋಡಿ ನೀರು ಒಸರಿಸುವುದು ನಮ್ಮೂರಿನ ಹೆಂಗಸರಿಗೆ ದಿನದ ಕೆಲಸ. ಮರಗಳ ಬುಡದಲ್ಲಿ ಇಬ್ಬರೂ ಕೈಯಲ್ಲೇ ತೋಡಿದೆವು. ತೋಳುದ್ದ ಇಳಿದಾಗ ಮರಳು ಒದ್ದೆಯಾಯಿತು, ಆಮೇಲೆ ನೀರು ನಿಧಾನವಾಗಿ ಕೂಡಿತು. ಕದಡಿದ್ದನ್ನು ಎರಡು ಸಲ ಮೊಗೆದು ಚೆಲ್ಲಿಸಿದರು. "ನೀ ಕುಡ್ದು ಯೋಳು, ನಾ ಕುಡಿಯಂಗಿಲ್ಲ."

ನಾಲಿಗೆಗಿಟ್ಟೆ. ಸಿಹಿ! ಚೊಂಬು ತುಂಬಿ ಅತ್ತೆಯ ಮುಂದಿಟ್ಟೆ.

ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಅತ್ತೆ ಕೂತರು. ಪೂಜೆ ಮುಗಿಸಿ ತೀರ್ಥ ಕುಡಿದರು, ಬುತ್ತಿಯ ರೊಟ್ಟಿ ತಿಂದರು, ಮತ್ತೆರಡು ಚೊಂಬು ನೀರು ಕುಡಿದು ಅಲ್ಲೇ ನೆರಳಲ್ಲಿ ನಿದ್ದೆಹೋದರು.

ಸಂಜೆ ನೀರು ಇಳಿಯಿತು. ಹೊರಡುವಾಗ ನಾನು ಕಾಲಿನಿಂದ ಗುಂಡಿಗೆ ಮರಳು ತಳ್ಳತೊಡಗಿದ್ದೆ. ಅತ್ತೆ ಬೆನ್ನಿಗೊಂದು ಏಟು ಹಾಕಿದರು.

"ಮುಚ್ಬ್ಯಾಡ ಕಣ್ಲಾ. ನಮ್ಮಂಗ ತಿಳೀದೋರು ಇನ್ಯಾರಾರ ಬಂದಾರು."